ಚಂದ್ರಜೀತನ ಪಾದ

ವಾಡಿ ಜಂಕ್ಷನ್ನಿನಲ್ಲಿ ಇಳಿಯುವವರಲ್ಲಿ ಎರಡು ಜಾತಿ. ರೈಲು ಬದಲಿಸುವವರದು ಒಂದು, ಚಂದ್ರಜೀತನ ಪಾದ ನೋಡಲು ಬಂದವರದು ಇನ್ನೊಂದು. ಟಾಂಗಾ ಹೊಡೆಯುವ ಚಾಂದ್ ಪ್ಲಾಟ್‌ಫಾರ್ಮಿನ ಆ ತುದಿಯಿಂದಲೇ ಇವರನ್ನು ಬೇರೆ ಬೇರೆ ಮಾಡಿ ಹೇಳಬಲ್ಲ. ರೈಲು ಬದಲಿಸುವವರು ಇಳಿದ ಕೂಡಲೇ ಗಡಿಯಾರ ನೋಡುತ್ತಾರೆ. ಪಾದಕ್ಕೆ ಬಂದವರು ಇಳಿದ ಕೂಡಲೇ ಬಾಚಣಿಗೆ ತೆಗೆಯುತ್ತಾರೆ. ಎಡದಿಂದ ಬಲಕ್ಕೆ ಬಾಚಿ, ಹಣೆಯ ಮೇಲೆ ಚೇಳಿನ ಕೊಂಡಿಯಂತೆ ಒಂದು ಎಳೆ ಇಳಿಬಿಟ್ಟು, ಅದು ಗಾಳಿಗೆ ಹಾರದಂತೆ ಉಗುಳು ಹಚ್ಚುತ್ತಾರೆ.

“ರಾವೂರ, ರಾವೂರ! ಚಂದ್ರಜೀತ್ ಪಾದ! ಅಸಲೀ ಪಾದ!” ಎಂದು ಚಾಂದ್ ಕೂಗುತ್ತಿದ್ದ. ಬೇರೆ ಪಾದ ಹಿಂದೂಸ್ತಾನದಲ್ಲೆಲ್ಲೂ ಇರದಿದ್ದುದರಿಂದ ಅಸಲಿ ಎಂದು ಕೂಗುವ ಜರೂರತ್ತು ಇರಲಿಲ್ಲ. ಆದರೂ ಕೂಗುತ್ತಿದ್ದ, ಏಕೆಂದರೆ ಅದು ನಕಲಿಯಾಗಿತ್ತು.

ನಕಲಿ ಎಂದು ಚಾಂದ್‌ನ ಹೊರತು ಗೊತ್ತಿದ್ದವನು ಒಬ್ಬನೇ: ರಾವೂರಿನಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ಖಣಿಯ ಮೇಸ್ತ್ರಿ ಮಶಾಕ. ಅವನು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಅವನ ಹೆಂಡತಿ ಇಮಾಮ್‌ಬೀ ಅವನ ರೊಟ್ಟಿಗೆ ತುಪ್ಪ ಹಾಕುವುದನ್ನು ನಿಲ್ಲಿಸುತ್ತಿದ್ದಳು. ಆ ತುಪ್ಪ ಎಂಟು ವರ್ಷದ ಒಣರೊಟ್ಟಿಯ ನಂತರ ಬಂದ ತುಪ್ಪ.

ಆದದ್ದು ಹೀಗೆ. ಅರವತ್ತೊಂಬತ್ತನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಬೊಂಬಾಯಿಯ ಒಂದು ಸಿನಿಮಾ ಕಂಪನಿ ಒಂದೇ ಒಂದು ದಿನಕ್ಕೆಂದು ರಾವೂರಿನ ಖಣಿಗೆ ಬಂದಿತ್ತು. ಈ ಸೀಮೆಯಲ್ಲಿ ಕಲ್ಲು ಗುಡ್ಡವಾಗಿ ನಿಲ್ಲುವುದಿಲ್ಲ. ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರವಾಗಿ ನೆಲದೊಳಗೆ ಮಲಗಿರುತ್ತದೆ. ಮೇಲಿನ ಪದರ ಎಬ್ಬಿಸಿದರೆ ಕೆಳಗೆ ಇನ್ನೊಂದು, ಅದರಡಿ ಮತ್ತೊಂದು. ಹಾಗೆ ಎಬ್ಬಿಸಿ ಬಯಲಾದ, ಅಂಗಳದಂತೆ ನುಣುಪಾದ ಕಲ್ಲಿನ ನೆಲದ ಮೇಲೆ ಹೀರೋ ಚಂದ್ರಜೀತ್ ಕುಣಿಯಬೇಕಾಗಿತ್ತು. ಕುಣಿದು ಸುತ್ತು ಹಾಕಿ, ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಂತು, ಮುಷ್ಟಿ ಎತ್ತಿ, ತಾನು ಕಲ್ಲಿನ ಮಗ ಎಂದು ಆಣೆ ಮಾಡಬೇಕು. ಚಂದ್ರಜೀತ್ ಮಾತ್ರ ಪ್ರತಿ ಸಲವೂ ಬೇರೆ ಬೇರೆ ಜಾಗಕ್ಕೆ ಬಂದು ನಿಲ್ಲುತ್ತಿದ್ದ. ಸುಣ್ಣದ ಗುರುತು ಹಾಕಿದರೆ ಅವನದೇ ಬೂಟಿಗೆ ಅಳಿಸಿಹೋಗುತ್ತಿತ್ತು. ಕೊನೆಗೆ ಡೈರೆಕ್ಟರು ಮೇಸ್ತ್ರಿಯನ್ನು ಕರೆದು, ಹೀರೋನ ಎರಡೂ ಬೂಟಿನ ಸುತ್ತ ಉಳಿಯಿಂದ ಗೆರೆ ಹೊಡೆಯಲು ಹೇಳಿದ. ಮಶಾಕ ಮೊಣಕಾಲೂರಿ ಕೂತು ಗೆರೆ ಹೊಡೆದ. ಸಿನಿಮಾ ಬಂದಾಗ ನೋಡಿದರೆ ಕ್ಯಾಮೆರಾ ಹೀರೋನ ಎದೆಯಿಂದ ಕೆಳಕ್ಕೆ ಇಳಿದೇ ಇರಲಿಲ್ಲ. ಪಾದವೂ ಇಲ್ಲ, ಕಲ್ಲೂ ಇಲ್ಲ. ಆದರೆ ಹೈದರಾಬಾದಿನಲ್ಲಿ ಸಿನಿಮಾ ಇಪ್ಪತ್ತೈದು ವಾರ ಓಡಿತು. ಕಲ್ಲಿನ ಮೇಲೆ ಅವನ ಪಾದ ಮೂಡಿದೆಯಂತೆ ಎಂಬ ಸುದ್ದಿ ಅದಕ್ಕಿಂತ ಜೋರಾಗಿ ಓಡಿತು.

ಇಮಾಮ್‌ಬೀ ಆ ದಿನ ಅಲ್ಲಿರಲಿಲ್ಲ. ಖಣಿ ಅವಳ ಮನೆಯಿಂದ ಎರಡು ಕೂಗಳತೆ. ಆದರೆ ಅವತ್ತು ಬೆಳಿಗ್ಗೆ ಮಶಾಕ ಅವಳಿಗೆ, “ಪಿಚ್ಚರಿನವರು ಇಲ್ಲಿ ಬರಂಗಿಲ್ಲಂತ, ಶಹಾಬಾದಕ್ಕ ಹೋದ್ರಂತ” ಎಂದಿದ್ದ. ಅವಳು ಹೊಸ ಸೀರೆ ಉಟ್ಟು, ಮೂವರು ನೆರೆಯವರನ್ನು ಕಟ್ಟಿಕೊಂಡು ವಾಡಿಗೆ ನಡೆದು, ಪ್ಯಾಸೆಂಜರ್ ಹತ್ತಿ ಶಹಾಬಾದಿಗೆ ಹೋಗಿ, ಖಣಿಯಿಂದ ಖಣಿಗೆ ಅಲೆದು, ಸಂಜೆ ಮುಖವೆಲ್ಲ ಕಲ್ಲುಧೂಳು ಮಾಡಿಕೊಂಡು ತಿರುಗಿ ಬಂದಾಗ ಸಿನಿಮಾದವರ ಕೊನೆಯ ಲಾರಿ ರಾವೂರ ದಾಟುತ್ತಿತ್ತು. ಊರಿಗೆ ಊರೇ ಚಂದ್ರಜೀತನನ್ನು ನೋಡಿತ್ತು. ಹಾಸಿಗೆ ಹಿಡಿದಿದ್ದ ಅವಳ ಅತ್ತೆಯನ್ನು ಯಾರೋ ಹೊರಸಿನ ಸಮೇತ ಹೊತ್ತುಕೊಂಡು ಹೋಗಿ ತೋರಿಸಿದ್ದರು. ಅತ್ತೆ ಆಮೇಲೆ ನಾಲ್ಕು ವರ್ಷ ಬದುಕಿದಳು, ನಾಲ್ಕು ವರ್ಷವೂ ಅದನ್ನೇ ಹೇಳಿದಳು.

“ಯಾಕ ಸುಳ್ಳ ಹೇಳಿದಿ?” ಎಂದು ಇಮಾಮ್‌ಬೀ ಕೇಳಿದಾಗ ಮಶಾಕ, “ನಂಗ್ಯಾರೋ ಹಂಗ ಹೇಳಿದ್ರು” ಎಂದ. ಅದೂ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಒಣರೊಟ್ಟಿ.

ಖಣಿಯ ನೆಲ ಸುಮ್ಮನಿರುವಂಥದ್ದಲ್ಲ. ಅದು ಮಾರಾಟದ ಸರಕು. ಚಂದ್ರಜೀತ್ ಕುಣಿದ ಪದರ ಎರಡು ವರ್ಷದಲ್ಲಿ ವ್ಯಾಗನ್ನು ಹತ್ತಿ ಹೋಯಿತು, ಅದರಡಿಯದೂ ಹೋಯಿತು. ಮೊದಲ ಅಭಿಮಾನಿಗಳು ಬಂದಾಗ ಅಲ್ಲಿದ್ದದ್ದು ಒಂದು ದೊಡ್ಡ ಹೊಂಡ, ಹೊಂಡದಲ್ಲಿ ಹಸಿರು ನೀರು, ನೀರಿನಲ್ಲಿ ಎಮ್ಮೆಗಳು. ಹೀರೋ ನಿಂತ ಜಾಗ ಈಗ ಎಮ್ಮೆಗಳ ತಲೆಯಿಂದ ಮೂವತ್ತು ಅಡಿ ಎತ್ತರದಲ್ಲಿ, ಬರಿಯ ಗಾಳಿಯಲ್ಲಿತ್ತು. ಬಂದವರು ದಂಡೆಯ ಮೇಲೆ ನಿಂತು ಆ ಗಾಳಿಗೇ ಕೈಮುಗಿದರು. ಒಬ್ಬ ಮಳಖೇಡದವನು ಗಾಳಿಗೆ ಹಾರವನ್ನೂ ಹಾಕಲು ಹೋದ. ಹಾರ ಎಮ್ಮೆಯ ಕೊಂಬಿಗೆ ಬಿತ್ತು.

“ಗಾಳಿ ನೋಡಾಕ ಮಂದಿ ಎಷ್ಟ ದಿನಾ ಬರ್ತಾರ?” ಎಂದು ಟಾಂಗಾದ ಚಾಂದ್‌ಗೆ ಚಿಂತೆ ಹತ್ತಿತು. ಎಪ್ಪತ್ತೇಳರಲ್ಲಿ ಒಂದು ಬೆಳಿಗ್ಗೆ ಹೊಂಡದ ದಂಡೆಯ ಬೇವಿನ ಮರದಡಿ ಒಂದು ಫರ್ಶಿ ಕಲ್ಲು ಕಾಣಿಸಿಕೊಂಡಿತು. ಅದರ ಮೇಲೆ ಎರಡು ಪಾದ. ಯಾರಿಗೂ ಸಿಗದಂತೆ ತಾನು ಇಷ್ಟು ದಿನ ಹುಲ್ಲಿನ ಬಣವೆಯಲ್ಲಿ ಮುಚ್ಚಿಟ್ಟಿದ್ದೆ ಎಂದು ಚಾಂದ್ ಕುದುರೆಯ ಮೇಲೆ ಆಣೆಯಿಟ್ಟು ಹೇಳಿದ. ಜನ ನಂಬಿದರು. ಇಮಾಮ್‌ಬೀಯೂ ನಂಬಿದಳು. ಪ್ರತಿ ಗುರುವಾರ ಹೋಗಿ ಕಲ್ಲಿನ ಸುತ್ತ ಕಸ ಗುಡಿಸಿ, ಸ್ವಲ್ಪ ಹೊತ್ತು ಕೂತು ಬರತೊಡಗಿದಳು.

“ನಮಾಜು ಅಲ್ಲಾಗ, ಊದು ಪೀರಗ. ಇದು ಬರೇ ಹಾಜರಿ” ಎನ್ನುತ್ತಿದ್ದಳು.

ಒಂದೇ ಸಲ, ಒಲೆಯ ಮುಂದೆ ಕೂತು, “ಅದು ಖರೆ ನೀ ಹೊಡೆದ ಕಲ್ಲೇನು?” ಎಂದು ಕೇಳಿದಳು. ಮಶಾಕ ಬಾಯಿತುಂಬ ರೊಟ್ಟಿ ಇಟ್ಟುಕೊಂಡು, “ಹ್ಞೂಂ” ಎಂದ. ಮರುದಿನದಿಂದ ತುಪ್ಪ ಶುರುವಾಯಿತು.

ಇಲ್ಲಿ ಮಶಾಕನ ಮನಸ್ಸಿನೊಳಗಿನ ಒಂದು ಕಾನೂನು ಹೇಳಬೇಕು. ಖಣಿಯಲ್ಲಿ ಮೇಸ್ತ್ರಿ ಕಲ್ಲಿನ ಮೇಲೆ ಕೈಯಿಟ್ಟು, ಸುತ್ತಿಗೆಯಿಂದ ಮೂರು ಸಲ ಬಡಿದು, ನಾದ ಕೇಳಿ ಒಂದು ಮಾತು ಹೇಳುತ್ತಾನೆ: ಇದು ಇಂಥ ಪದರದ್ದು, ಗಟ್ಟಿ ಇದೆ, ಅಥವಾ ಒಳಗೆ ಬಿರುಕಿದೆ. ಆ ಮಾತಿನ ಮೇಲೆ ವ್ಯಾಗನ್ನು ತುಂಬುತ್ತದೆ. ಕೈಯಿಟ್ಟು ಸುಳ್ಳು ಹೇಳಿದವನ ಉಳಿಯ ಚಕ್ಕೆ ತಿರುಗಿ ಅವನ ಕಣ್ಣಿಗೇ ಹಾರುತ್ತದೆ. ಖಣಿಯಲ್ಲಿ ಒಕ್ಕಣ್ಣಿನವರು ಬಹಳ ಮಂದಿ ಇದ್ದರು, ಹಾಗಾಗಿ ನಂಬದಿರಲು ಕಾರಣವಿರಲಿಲ್ಲ. ಮೂವತ್ತು ವರ್ಷದಲ್ಲಿ ಮಶಾಕ ಕೈಯಿಟ್ಟು ಸುಳ್ಳು ಹೇಳಿದವನಲ್ಲ. ಒಲೆಯ ಮುಂದೆ ಹೇಳಿದ ಹ್ಞೂಂ ಈ ಕಾನೂನಿನೊಳಗೆ ಬರುವುದಿಲ್ಲ, ಏಕೆಂದರೆ ಆಗ ಅವನ ಕೈ ರೊಟ್ಟಿಯ ಮೇಲಿತ್ತು.

ಅಸಲಿ ಕಲ್ಲು ಎಲ್ಲಿದೆ ಎಂದೂ ಅವನಿಗೆ ಗೊತ್ತಿತ್ತು. ಅದನ್ನು ಎಬ್ಬಿಸಿದವನು ಅವನೇ. ಮನೆಯ ಹತ್ತಿರ ಇರುವುದು ಬೇಡವೆಂದು, ಸೇಡಂಗೆ ಹೊರಟಿದ್ದ ಒಂದು ಲೋಡಿನ ನಡುವೆ ತೂರಿಸಿ ಕಳಿಸಿದ್ದ. ವರ್ಷವಾದ ಮೇಲೆ ಸೇಡಂನ ಗುಲ್‌ಬಹಾರ್ ಟಾಕೀಸಿನಲ್ಲಿ ಒಂದು ಸಿನಿಮಾ ನೋಡಲು ಹೋಗಿ, ಇಂಟರ್ವಲ್ಲಿನಲ್ಲಿ ಎಲ್ಲರಂತೆ ಹಿಂದಕ್ಕೆ ಹೋಗಿ, ಎಲ್ಲರಂತೆ ಗೋಡೆಗೆ ಮುಖ ಮಾಡಿ ನಿಂತು, ಸುಮ್ಮನೆ ಕೆಳಗೆ ನೋಡಿದ. ತನ್ನ ಕಾಲು ಎರಡು ಗೆರೆಗಳ ನಡುವೆ ಇತ್ತು. ಗೆರೆ ಅವನದೇ. ಅಕ್ಷರ ಬಲ್ಲವನು ತನ್ನ ಸಹಿ ಗುರುತಿಸಿದಷ್ಟು ಸಲೀಸಾಗಿ ಗುರುತಿಸಿದ. ಟಾಕೀಸು ಕಟ್ಟಿದ ಗೌಂಡಿ, ಪಾದ ಕಡೆದ ಕಲ್ಲು ಬೇರೆ ಯಾತಕ್ಕೆ ಇರುತ್ತದೆ, ಗಂಡಸರು ಇಲ್ಲಿ ನಿಲ್ಲಬೇಕೆಂದು ತೋರಿಸಲಿಕ್ಕೇ ಇರಬೇಕು ಎಂದು ತಿಳಿದು, ಬಹಳ ಯೋಚಿಸಿ, ಗೋಡೆಗೆ ಸರಿಯಾಗಿ ಅಳತೆ ಹಿಡಿದು ಕೂರಿಸಿದ್ದ. ಮಶಾಕ ಬಂದ ಕೆಲಸ ಮುಗಿಸದೆ ಹೊರಗೆ ಬಂದ. ಆ ಸಿನಿಮಾದ ದ್ವಿತೀಯಾರ್ಧ ಅವನಿಗೆ ನೆನಪಿಲ್ಲ.

ಎಂಬತ್ತರ ಬೇಸಿಗೆಯಲ್ಲಿ ಚಿಂಚೋಳಿಯ ದರ್ಜಿ ಭೀಮಶ್ಯಾ ಎದ್ದು ನಿಂತದ್ದು ಎಲ್ಲ ಕೆಡಿಸಿತು. ಚಿಂಚೋಳಿ, ಸೇಡಂ, ತಾಂಡೂರುಗಳ ಅಭಿಮಾನಿಗಳ ಸಂಘಕ್ಕೆ ಅವನು ಕಾರ್ಯದರ್ಶಿ. ಸಂಘದವರ ಅಂಗಿಗಳಿಗೆಲ್ಲ ಚಂದ್ರಜೀತನ ಕಾಲರು ಇಟ್ಟವನು ಅವನೇ. ಅದು ಎಷ್ಟು ಅಗಲವೆಂದರೆ ಗಾಳಿ ಬಂದರೆ ಕಿವಿಗೆ ಬಡಿಯುತ್ತಿತ್ತು. ಪಾದಕ್ಕೆ ಒಂದು ಕಟ್ಟೆ, ಮೇಲೆ ಒಂದು ಛತ್ರಿ, ಸುತ್ತ ಸರಪಳಿ ಮಾಡಿಸುವುದೆಂದು ಸಂಘ ಠರಾವು ಮಾಡಿತು. ಆದರೆ ತಾಂಡೂರಿನವನೊಬ್ಬ ತಕರಾರು ಎತ್ತಿದ. ಅವನು ಬೂಟಿನ ಅಂಗಡಿಯವನು, ಟೇಪು ಹಿಡಿದು ಅಳೆದಿದ್ದ. ಹದಿನಾಲ್ಕು ಇಂಚು.

“ಚಂದ್ರಜೀತ್ ಮನಷ್ಯಾನೋ, ಆನೀನೋ?” ಎಂದು ಅವನು ಕೇಳಿದ.

“ದೊಡ್ಡ ಮಂದಿ ಪಾದ ದೊಡ್ಡದೇ ಇರ್ತದ” ಎಂದು ಚಾಂದ್ ಹೇಳಿದ್ದು ಸಾಲಲಿಲ್ಲ. ಗೆರೆ ಹೊಡೆದ ಮೇಸ್ತ್ರಿ ಇನ್ನೂ ಬದುಕಿರುವಾಗ ಜಗಳ ಯಾಕೆ, ಅವನೇ ಕೈಯಿಟ್ಟು ಹೇಳಲಿ ಎಂದು ಭೀಮಶ್ಯಾ ತೀರ್ಮಾನಿಸಿದ.

ಹಲಗೆ ಬಡಿಯುತ್ತ ನಲವತ್ತು ಮಂದಿ ರಾವೂರಿಗೆ ಬಂದರು. ಬೇವಿನ ಮರದಡಿ ಕಾಲರುಗಳ ಕಾಡು. ಮುಂದಿನ ಸಾಲಿನಲ್ಲಿ, ಈಗಷ್ಟೇ ಕಸ ಗುಡಿಸಿದ ಪೊರಕೆ ಹಿಡಿದು ಇಮಾಮ್‌ಬೀ ನಿಂತಿದ್ದಳು. ಮಶಾಕನನ್ನು ಕರೆತಂದು ಕಲ್ಲಿನ ಮುಂದೆ ಕೂರಿಸಿದರು. ಚಾಂದ್ ಹಿಂದಿನಿಂದ ಬಗ್ಗಿ ಅವನ ಕಿವಿಯಲ್ಲಿ, “ಚಾಚಾ, ಕುದರಿ ಮಾರಿ ನೋಡಿ ಹೇಳು” ಎಂದ. ಮಶಾಕನಿಗೆ ಕಂಡದ್ದು ಕುದುರೆಯ ಮುಖವಲ್ಲ, ಪೊರಕೆ.

“ಬಡೀರಿ ಮೇಸ್ತ್ರಿ, ಬಡೀರಿ” ಎಂದ ಭೀಮಶ್ಯಾ. “ಹೌದು ಅನ್ರಿ ಸಾಕು. ಹಾರ ತಯಾರ ಅದ.”

ಮಶಾಕ ಕಲ್ಲಿನ ಮೇಲೆ ಎಡಗೈಯಿಟ್ಟ. ಬಲಗೈಯಲ್ಲಿದ್ದ ಸುತ್ತಿಗೆ ಮೂರು ಸಲ ಬಡಿಯಿತು. ಒಡಕು ಮಡಕೆಯ ಸದ್ದು. ಒಳಗೆ ಬಿರುಕು. ತೆರೆದ ಬಾಯಿಯಲ್ಲಿ ಹೌದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಕೈ ಕಲ್ಲಿನ ಮೇಲಿತ್ತು. ಅವನ ಬಲಗಣ್ಣು ತಾನಾಗಿ ಅದುರಿತು.

“ಇದಲ್ಲ” ಎಂದ.

ಹಲಗೆ ನಿಂತಿತು.

“ಇದಲ್ಲ ಅಂದ್ರ?” ಎಂದ ಭೀಮಶ್ಯಾ.

“ಇದು ನಾ ಹೊಡೆದ ಗೆರಿ ಅಲ್ಲ. ಕಲ್ಲ ಕೂಡ ನಮ್ಮ ಖಣಿದಲ್ಲ.”

“ಹಂಗಾದ್ರ ಖರೇದು ಎಲ್ಲದ?”

“ಸೇಡಂದಾಗ.”

“ಸೇಡಂದಾಗ ಎಲ್ಲಿ?”

“ಗುಲ್‌ಬಹಾರ್ ಟಾಕೀಸಿನಾಗ.”

ಕಾಲರುಗಳಲ್ಲಿ ಒಂದು ಖುಷಿಯ ಅಲೆ ಎದ್ದಿತು. “ನೋಡ್ರಿ, ಹೋಗೋ ಕಡೀಗೆ ಹೋಗ್ಯಾದ!” ಎಂದ ಒಬ್ಬ. “ಪರದಿ ಮುಂದ ಇಟ್ಟಾರೇನು?”

“ಹಿಂದ.”

“ಪರದಿ ಹಿಂದ?”

“ಟಾಕೀಸಿನ ಹಿಂದ. ಇಂಟರ್ವಲ್ಲಿನಾಗ ಗಂಡಸರು ಹೋಗಿ ನಿಂದರ್ತಾರಲ್ಲ, ಅಲ್ಲಿ. ಎಡಕಿನಿಂದ ಎರಡನೇದು.”

ಸೇಡಂನವರು ಹತ್ತು ಹನ್ನೆರಡು ಮಂದಿ ಇದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲಗೆ, “ಎಡಕಿನಿಂದ ಎರಡನೇದು... ನಾ ಹೋದ ಶುಕ್ರವಾರ...” ಎಂದು ಶುರುಮಾಡಿ ಬಾಯಿ ಮುಚ್ಚಿಕೊಂಡ. ಇನ್ನೊಬ್ಬ, “ನಾ ಯಾವತ್ತೂ ಬಲಕ್ಕ ನಿಂದ್ರಾಂವಪ್ಪ” ಎಂದು ಯಾರೂ ಕೇಳದಿದ್ದರೂ ಸಾಕ್ಷಿ ಹೇಳಿದ.

ಸಂಘ ಹೊಂಡದ ಆಚೆ ಹೋಗಿ ಐದು ನಿಮಿಷ ಸಭೆ ಸೇರಿತು. ತಿರುಗಿ ಬಂದ ಭೀಮಶ್ಯಾನ ಮುಖ ಶಾಂತವಾಗಿತ್ತು. ಮೇಸ್ತ್ರಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ರಾವೂರಿನ ಪಾದವೇ ಅಸಲಿ ಎಂದು ಸಂಘ ಒಮ್ಮತದಿಂದ ಮಾನ್ಯ ಮಾಡಿದೆ ಎಂದು ಸಾರಿದ. ಹಲಗೆ ಮತ್ತೆ ಶುರುವಾಯಿತು. ತಾಂಡೂರಿನ ಬೂಟಿನವನೂ ಟೇಪು ಮಡಚಿ ಜೇಬಿಗಿಟ್ಟುಕೊಂಡು ಚಪ್ಪಾಳೆ ತಟ್ಟಿದ.

“ಭೀಮಶ್ಯಾ, ನಾ ಕೈ ಇಟ್ಟು ಹೇಳೀನಿ” ಎಂದ ಮಶಾಕ, ಅವನನ್ನು ಬದಿಗೆ ಕರೆದು.

“ಗೊತ್ತದ ಚಾಚಾ. ನೀವು ಹೇಳಿದ್ದ ಖರೆ ಅದ. ಆದ್ರ ಖರೇ ಕಲ್ಲಿಗೆ ಕಟ್ಟಿ ಕಟ್ಟಾಕ ಬರ್ತದೇನ್ರಿ? ಅಲ್ಲಿ ಛತ್ರಿ ಹಾಕಿದ್ರ ಅದರ ಕೆಳಗ ಏನ ಮಾಡ್ತಾರ ಮಂದಿ?” ಎಂದು ಭೀಮಶ್ಯಾ ಅವನ ಅಂಗಿಯ ಕಾಲರು ಮುಟ್ಟಿ ನೋಡಿದ. “ಇದು ಭಾಳ ಸಣ್ಣದಾತು. ಚಿಂಚೋಳಿಗೆ ಬರ್ರಿ, ಒಂದ ಅಂಗಿ ಹೊಲದ ಕೊಡ್ತೀನಿ.”

ಮಶಾಕ ತಿರುಗಿ ನೋಡಿದ. ಇಮಾಮ್‌ಬೀ ಇದ್ದ ಜಾಗದಲ್ಲಿ ಪೊರಕೆ ಬಿದ್ದಿತ್ತು.

ಆ ಮಧ್ಯಾಹ್ನ ರೊಟ್ಟಿಯೇ ಇರಲಿಲ್ಲ, ಒಣದೂ ಇಲ್ಲ. ಇಮಾಮ್‌ಬೀ ಗೋಡೆಗೆ ಮುಖ ಮಾಡಿ ಮಲಗಿದಳು. ಒಬ್ಬಳೇ ಹೆಂಡತಿಗೆ, ಒಬ್ಬನೇ ಗಂಡಸಿನ ವಿಷಯಕ್ಕೆ ಎರಡು ಸಲ ಸುಳ್ಳು. ಮೊದಲನೆಯದಕ್ಕೆ ಎಂಟು ವರ್ಷ ಬಿದ್ದಿತ್ತು. ಎರಡನೆಯದಕ್ಕೆ ಎಷ್ಟು ಎಂದು ಮಶಾಕ ಹೊಸ್ತಿಲ ಮೇಲೆ ಕೂತು ಎಣಿಸಲು ನೋಡಿದ. ತನ್ನ ಆಯುಷ್ಯ ಸಾಲುವಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಡಿ.”

“ಎಲ್ಲಿಗಿ?”

“ಸೇಡಂಕ್ಕ.”

“ಅದು ಗಂಡಸರ ಜಾಗಾ, ಇಮಾಮ್...”

“ಹನ್ನೊಂದ ವರ್ಷದ ಹಿಂದ ತಪ್ಪ ಊರಿಗಿ ಹೋದೆ. ಮೂರ ವರ್ಷಾ ತಪ್ಪ ಕಲ್ಲ ಗುಡಿಸಿದೆ. ಈಗ ಸರಿ ಜಾಗಾ ಗೊತ್ತಾಗ್ಯಾದ. ನಡಿ ಅಂದೆ.”

ವಾಡಿಯಲ್ಲಿ ಸೇಡಂ ಕಡೆಯ ಪ್ಯಾಸೆಂಜರ್ ಹತ್ತಿದರು. ಚಿತ್ತಾಪುರದಲ್ಲಿ ಮಶಾಕ ಶೇಂಗಾ ಕೊಂಡು ಪೊಟ್ಟಣ ಅವಳ ಮುಂದೆ ಹಿಡಿದ. ಅವಳು ಪಕ್ಕದ ಹೆಂಗಸಿನ ಮಗುವಿಗೆ ಪೂರ್ತಿ ಪೊಟ್ಟಣ ಕೊಟ್ಟುಬಿಟ್ಟಳು.

ಗುಲ್‌ಬಹಾರ್ ಟಾಕೀಸಿನಲ್ಲಿ ಮ್ಯಾಟಿನಿ ನಡೆಯುತ್ತಿತ್ತು. ಮ್ಯಾನೇಜರ್ ಸಂಗಣ್ಣ ಟಿಕೆಟ್ಟಿನ ಕಿಂಡಿಯ ಹಿಂದೆ ಕೂತು ಊಟ ಮಾಡುತ್ತಿದ್ದ. ಅವರಿಗೆ ಬೇಕಾದದ್ದು ಸಿನಿಮಾ ಅಲ್ಲ ಎಂದು ತಿಳಿಯಲು ಅವನಿಗೆ ಅರ್ಧ ರೊಟ್ಟಿ ಹಿಡಿಯಿತು.

“ಅಲ್ಲ ಭಾಭಿ, ಅದು ಗಂಡಸರದು.”

“ನಾ ಗಂಡಸರನ್ನ ನೋಡಾಕ ಬಂದಿಲ್ಲ. ಕಲ್ಲ ನೋಡಾಕ ಬಂದೀನಿ.”

“ಅಲ್ಲಿ ನೋಡೂವಂಥಾದ್ದು ಏನಿಲ್ರಿ. ನಾನ ಹೋಗೂದಿಲ್ಲ ಅಲ್ಲಿ, ಮನೀಗಿ ಹೋಗ್ತೀನಿ.”

“ನೀವು ಬ್ಯಾಡ್ರಿ, ಕುಂದ್ರಿ, ಊಟಾ ಮಾಡ್ರಿ. ಒಂದ ಕೊಡಾ ನೀರು, ಒಂದ ಕಸಬರಗಿ ಕೊಡ್ರಿ ಸಾಕು.”

ಟಾಕೀಸು ಕಟ್ಟಿದಂದಿನಿಂದ ಅದನ್ನು ತೊಳೆಯುತ್ತೇನೆ ಎಂದವರು ಯಾರೂ ಇರಲಿಲ್ಲ. ಸಂಗಣ್ಣ ಕೈ ತೊಳೆದು, ತಾನೇ ಎರಡು ಕೊಡ ನೀರು ಹೊತ್ತು ತಂದ. “ಇಂಟರ್ವಲ್ಲಿಗೆ ಇನ್ನ ಇಪ್ಪತ್ತ ಮಿನಿಟ ಅದ. ಬೇಗ ಆಗಲಿ” ಎಂದು ಹೇಳಿ ಹೋದ.

ಟಾಕೀಸಿನ ಹಿಂದೆ ಮೂರು ಗೋಡೆ, ಒಂದು ತಗಡಿನ ಬಾಗಿಲು, ಮೇಲೆ ಆಕಾಶ. ಇಮಾಮ್‌ಬೀ ಬುರ್ಖಾ ತೆಗೆದು ಮಶಾಕನ ಕೈಗೆ ಕೊಟ್ಟು, ಸೆರಗು ಮೂಗಿಗೆ ಬಿಗಿದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಸುರಿದ ಸದ್ದು. ಕಸಬರಗಿ ತಿಕ್ಕುವ ಸದ್ದು. ಬುರ್ಖಾ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಮಶಾಕನಿಗೆ, ಮೂವತ್ತು ವರ್ಷ ಮೇಸ್ತ್ರಿಕೆ ಮಾಡಿದ್ದು ಇದಕ್ಕೇ ಇರಬೇಕು ಎನ್ನಿಸಿತು.

ಇಪ್ಪತ್ತು ನಿಮಿಷವಾಗುವ ಮುಂಚೆಯೇ ಇಂಟರ್ವಲ್ಲಿನ ಗಂಟೆ ಹೊಡೆಯಿತು. ರೀಲು ಹರಿದಿತ್ತಂತೆ. ಬಾಗಿಲುಗಳು ತೆರೆದು ಗಂಡಸರು ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಬಂದರು. ಮೊದಲು ಮೂವರು, ಆಮೇಲೆ ಹತ್ತು, ಆಮೇಲೆ ಲೆಕ್ಕ ತಪ್ಪಿತು.

“ಸರಿಯೋ ಯಜಮಾನ.”

“ಒಳಗ ನನ್ನ ಹೆಂಡ್ತಿ ಅದಾಳ” ಎಂದ ಮಶಾಕ.

ಮುಂದಿನವನು ಬಾಗಿಲು ನೋಡಿದ, ಬುರ್ಖಾ ನೋಡಿದ, ಮಶಾಕನನ್ನು ನೋಡಿದ. “ಯಾಕ?”

“ಕಲ್ಲ ನೋಡಾಕತ್ತಾಳ.”

ಈ ಉತ್ತರ ಹಿಂದಿನ ಸಾಲುಗಳಿಗೆ ದಾಟುತ್ತ ಹೋಯಿತು. ಯಾರಿಗೂ ತೃಪ್ತಿಯಾಗಲಿಲ್ಲ. ಹಿಂದಿನ ಬಯಲಿಗೆ ಹೋಗೋಣವೆಂದರೆ ಅವತ್ತು ಸಂತೆ. ಬಯಲ ತುಂಬ ಹೆಂಗಸರು ಬುಟ್ಟಿ ಹರಡಿ ಕೂತಿದ್ದರು. ಒಬ್ಬ ಒಂಟಿಗಾಲಲ್ಲಿ ನಿಂತ. ಒಬ್ಬ ಬಾಗಿಲು ಬಡಿದ.

“ಭಾಭಿ, ಬೇಗ ಹೊರಗ ಬರ್ರಿ! ನಮ್ದೂ ಅರ್ಜೆಂಟ ಅದ!”

ಒಳಗೆ ಕಸಬರಗಿ ನಿಂತಿತು. ಆಮೇಲೆ ಇಮಾಮ್‌ಬೀ ನಕ್ಕ ಸದ್ದು ಕೇಳಿಸಿತು. ಸಣ್ಣ ನಗೆಯಲ್ಲ. ಗೋಡೆಗೆ ಕೈಯೂರಿಕೊಂಡು ನಗುವಂಥದ್ದು. ಹನ್ನೊಂದು ವರ್ಷದಲ್ಲಿ ಮಶಾಕ ಅದನ್ನು ಕೇಳಿರಲಿಲ್ಲ.

“ಏನಾತು?” ಎಂದ ಬಾಗಿಲಿಗೆ ಬಾಯಿಟ್ಟು.

“ನನ್ನ ಕಾಲು ಇದರಾಗ ಹಿಡಿಯಂಗಿಲ್ಲೋ! ಬೆರಳ ಎಲ್ಲಾ ಹೊರಗ ಬರಾಕತ್ತಾವ. ಇಷ್ಟಽ ಇತ್ತೇನು ಅವನ ಪಾದ? ಕೋಳಿ ಪಾದಾ!”

“ಇಷ್ಟಽ ಇತ್ತು” ಎಂದ ಮಶಾಕ. “ಎತ್ತರನೂ ನನ್ನ ಭುಜಕ್ಕ ಬರ್ತಿದ್ದ. ಬೂಟಿನ ಹಿಮ್ಮಡ ಎರಡ ಇಂಚ ಇತ್ತು.”

“ಮತ್ತ ಯಾಕ ನನ್ನ ಶಹಾಬಾದಕ್ಕ ಕಳಸಿದಿ?”

ಮಶಾಕ ಸುತ್ತ ನೋಡಿದ. ಐವತ್ತು ಮುಖ, ಐವತ್ತರಲ್ಲೂ ಒಂದೇ ಕಷ್ಟ. “ಮನೀಗಿ ಹೋಗಿ ಹೇಳ್ತೀನಿ.”

“ಇಲ್ಲೇ ಹೇಳು. ಹೇಳೋತನಕ ಚಿಲಕಾ ತಗೀಯೂದಿಲ್ಲ.”

“ಹೇಳೋ ಮಾರಾಯಾ!” ಎಂದ ಒಂಟಿಗಾಲಿನವನು.

“ಏನ ಇದ್ರೂ ಒಪ್ಪಕೊಂಡು ಬಿಡ್ರಿ ಚಾಚಾ, ನಾವು ಯಾರಿಗೂ ಹೇಳಂಗಿಲ್ಲ!” ಎಂದ ಇನ್ನೊಬ್ಬ.

“ಅವಗ ಮತ್ತೊಬ್ಬಾಕಿ ಇದ್ದಳೇನೋ” ಎಂದು ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು. “ಹಂಗಾದ್ರ ಭಾಳ ಹೊತ್ತ ಹಿಡೀತದ!” ಎಂದು ಮತ್ತೊಂದು ನರಳಿತು.

ಮಶಾಕ ಹಣೆಯನ್ನು ತಗಡಿಗೆ ಒತ್ತಿ ನಿಂತ. ಬಿಸಿಲಿಗೆ ತಗಡು ಕಾದಿತ್ತು. “ಅವತ್ತ ನಸುಕಿನ್ಯಾಗ ಖಣಿ ಮಾಲಕ ಕರದು ಹೇಳಿದ್ದ” ಎಂದ. “ಹೀರೋನ ಕಾಲ ಹಂತ್ಯಾಕ ಕುಂತು ಕೆಲಸಾ ಮಾಡೂದು ಬರಬಹುದು, ತಯಾರ ಇರು ಅಂತ. ನಾ ಮೇಸ್ತ್ರಿ. ಕಲ್ಲಿನ ಮುಂದ ಮೊಣಕಾಲ ಊರೀನಿ, ಮನಷ್ಯಾನ ಮುಂದ ಊರಿಲ್ಲ. ಮಾರಿಗಿ ಬಣ್ಣಾ ಹಚ್ಚಿಕೊಂಡಾಂವನ ಕಾಲಾಗ ಕುಂತದ್ದು... ಊರೆಲ್ಲಾ ನೋಡಲಿ, ನೀ ನೋಡಬಾರದು ಅನಿಸ್ತು.”

ಒಳಗೆ ಕೊಡದಲ್ಲಿ ಉಳಿದ ನೀರು ಸುರಿದ ಸದ್ದಾಯಿತು.

“ಹುಚ್ಚಾ” ಎಂದಳು ಇಮಾಮ್‌ಬೀ ಒಳಗಿನಿಂದ. “ಚಂದ್ರಜೀತನ್ನ ನೋಡಾಕ ಬಂದಾಕಿ ನಿನ್ನ ಯಾಕ ನೋಡ್ತಿದ್ದೆ?”

ಗಂಡಸರು ಘೊಳ್ಳೆಂದು ನಕ್ಕರು. ನಗುವುದು ಆ ಸ್ಥಿತಿಯಲ್ಲಿ ಅಪಾಯ ಎಂದು ಒಬ್ಬೊಬ್ಬರಿಗೇ ಹೊಳೆದು, ನಗೆ ಅರ್ಧಕ್ಕೇ ನಿಂತಿತು. ಚಿಲಕ ತೆರೆಯಿತು. ಇಮಾಮ್‌ಬೀ ಸೀರೆಯ ಅಂಚು ಎತ್ತಿ ಹಿಡಿದು, ಬರಿಗಾಲಲ್ಲಿ, ಯಾರ ಮುಖವನ್ನೂ ನೋಡದೆ, ಗಂಡಸರು ಸರಿದು ಬಿಟ್ಟ ದಾರಿಯಲ್ಲಿ ಹೊರಗೆ ಬಂದಳು. ಅವಳ ಹಿಂದೆಯೇ ಐವತ್ತು ಮಂದಿ ಒಳನುಗ್ಗಿದರು. ಒಂಟಿಗಾಲಿನವನು ಮೊದಲಿಗೆ. ತೊಳೆದು ಬೆಳ್ಳಗಾದ ಕಲ್ಲಿನ ಮೇಲೆ ಎರಡು ಪುಟ್ಟ ಪಾದ ಕಂಡು ಅವನು ತಡೆದ. ಇದೇನು ಜಾಗ, ನಿಲ್ಲಬಹುದೋ ಬಾರದೋ ಎಂದು ಒಂದು ಕ್ಷಣ ಯೋಚಿಸಿದ. ಕ್ಷಣ ಅಷ್ಟೇ. ಅವನಿಗೆ ಅದಕ್ಕಿಂತ ಹೆಚ್ಚು ಸಮಯವಿರಲಿಲ್ಲ.

ನಲ್ಲಿಯ ಹತ್ತಿರ ಇಮಾಮ್‌ಬೀ ಕಾಲು ತೊಳೆದುಕೊಂಡಳು. ಮಶಾಕ ಬುರ್ಖಾ ಹಿಡಿದು ನಿಂತೇ ಇದ್ದ.

“ಗೆರಿ ಛಂದ ಹೊಡೆದಿ” ಎಂದಳು, ಕಾಲು ನೋಡುತ್ತಲೇ. “ಇಷ್ಟ ಮಂದಿ ನಿಂತಾರ, ಇಷ್ಟ ನೀರ ಹರದದ, ಒಂದ ಕಡೀಗೂ ಅಂಚ ಹಾರಿಲ್ಲ. ಹಿಮ್ಮಡದ ಹಂತ್ಯಾಕ ಒಂದೀಟ ಸೊಟ್ಟ ಆಗ್ಯಾದ.”

“ಅದು ನನ್ನ ತಪ್ಪಲ್ಲ. ಅಂವ ನಿಂತಲ್ಲಿ ನಿಂದರಲಿಲ್ಲ. ಉಳಿ ಬಡದ್ರ ಬೂಟಿನೊಳಗ ಗಿಲಿಗಿಲಿ ಆಗ್ತದ ಅಂತ ನಗಾಕತ್ತಿದ್ದ.”

“ಖರೆ?”

ಮಶಾಕ ಬಗ್ಗಿ ನಲ್ಲಿಯ ಕೆಳಗಿನ ಫರ್ಶಿಯ ಮೇಲೆ ಕೈಯಿಟ್ಟ. “ಖರೆ.”

ಸಂಗಣ್ಣ ಹಿಂದಿನ ಬಾಗಿಲಲ್ಲಿ ಬಂದು ನಿಂತಿದ್ದ. ನೀರು ತಂದವನಿಗಿಂತ ತೊಳೆದವರ ಋಣ ದೊಡ್ಡದೆಂದು ಅವನಿಗೆ ಅನ್ನಿಸಿರಬೇಕು. “ಅರ್ಧಾ ಪಿಚ್ಚರ್ ಇನ್ನ ಉಳದದ. ಒಳಗ ಬರ್ರಿ, ಟಿಕೀಟ ಬ್ಯಾಡ. ಭಾಭಿ, ಹೆಣ್ಣಮಕ್ಕಳ ಜಾಗಾ ಆ ಅಡ್ಡಗ್ವಾಡಿ ಆಕಡೆ ಅದ.”

“ನಾ ಇವನ ಬಾಜೂಕ ಕೂಡ್ತೀನಿ” ಎಂದಳು ಇಮಾಮ್‌ಬೀ. “ಇವಗ ಪಿಚ್ಚರಿನ ಕಥಿ ಯಾರರೆ ಹೇಳಬೇಕಲ್ಲ.”

ಗಂಡಸರ ಬೆಂಚಿನ ಮೇಲೆ ಇಬ್ಬರೂ ಕೂತರು. ಹಿಂದಿನವರು ತಲೆ ಬಗ್ಗಿಸಲು ಹೇಳಿದರು, ಇಮಾಮ್‌ಬೀ ಬಗ್ಗಿಸಲಿಲ್ಲ. ಪರದೆಯ ಮೇಲೆ ಯಾವನೋ ಹೊಸ ಹೀರೋ, ಎಳೆಯವನು, ಯಾವುದೋ ನದಿಯ ದಂಡೆಯಲ್ಲಿ ಕುಣಿಯುತ್ತಿದ್ದ. ಇಡೀ ಟಾಕೀಸು ಅವನ ಮುಖ ನೋಡಿ ಸೀಟಿ ಹೊಡೆಯಿತು. ಇಮಾಮ್‌ಬೀ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಪರದೆಯ ಕೆಳತುದಿಯನ್ನೇ ನೋಡುತ್ತಿದ್ದಳು.

“ಇವನವು ಎಷ್ಟ ಇಂಚ ಇರಬಹುದು?” ಎಂದು ಕೇಳಿದಳು.